ಗಂಡಸರ ಕೊರತೆ

ಆಗಸ್ಟ್ 18, 2009, ಮಂಗಳವಾರ

ಡಾಕ್ಟರ್ ಸಭರ್ವಾಲ್ ದಿನಚರಿ ಬರೆಯಿರಿ ಎಂದಿದ್ದಾರೆ. ಇಷ್ಟು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದವನಿಗೆ, ನನಗಿಂತ ಎಷ್ಟೋ ಚಿಕ್ಕವರಾದ ಹೆಣ್ಣುಮಗಳೊಬ್ಬರು ಹೋಂವರ್ಕ್ ಕೊಟ್ಟು ಕಳಿಸಿದ್ದಾರೆ. ಯಾರಿಗೂ ತೋರಿಸಬೇಕಾಗಿಲ್ಲವಂತೆ. ಹಾಗಿದ್ದ ಮೇಲೆ ಬರೆಯದೆಯೇ ಬರೆದೆ ಎನ್ನಬಹುದಿತ್ತು. ಆದರೆ ಆಕೆ ಕನ್ನಡಕದ ಮೇಲಿನಿಂದ ನೋಡುತ್ತಾರೆ, ಸುಳ್ಳು ಗಂಟಲಲ್ಲೇ ನಿಲ್ಲುತ್ತದೆ.

ನನ್ನ ಹೆಸರು ಗುರುರಾಜ, ಊರು ತುಮಕೂರು, ಈಗಿರುವುದು ಮಯೂರ್ ವಿಹಾರ್ ಎಂದು ನನಗೇ ನಾನು ತಿಳಿಸುವ ಅಗತ್ಯವಿಲ್ಲ. ನಡೆದದ್ದನ್ನು ಮಾತ್ರ ಬರೆಯುತ್ತೇನೆ. ಜುಲೈ ಕೊನೆಯಲ್ಲಿ ಮೊದಲ ವರ್ಷದವರಿಗೆ ಬೇಡಿಕೆಯ ನಿಯಮ ಹೇಳುತ್ತಿದ್ದೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸಬಲ್ಲ ಪಾಠ. "ಬೆಲೆ ಏರಿದಾಗ" ಎಂದೆ. ಏರಿದಾಗ ಏನಾಗುತ್ತದೆ ಎಂಬುದು ಹೊಳೆಯಲಿಲ್ಲ. ಮಾತು ಮರೆತದ್ದಲ್ಲ, ಮಾತು ಇರುವ ಜಾಗವೇ ಖಾಲಿಯಾಗಿತ್ತು. ಎದೆ ಬಡಿದುಕೊಳ್ಳತೊಡಗಿತು, ಅಂಗೈ ಬೆವರಿತು. ಮಕ್ಕಳು ಪೆನ್ನು ಹಿಡಿದು ಕಾಯುತ್ತಿದ್ದರು. ಸೀಮೆಸುಣ್ಣ ಮೇಜಿನ ಮೇಲಿಟ್ಟು ಹೊರಬಿದ್ದವನು ಆಟೋ ಹಿಡಿದು ಮನೆಗೆ ಬಂದೆ. ಮತ್ತೆ ಹೋಗಿಲ್ಲ.

ಕೇಳಿದವರಿಗೆಲ್ಲ ಸ್ಲಿಪ್ ಡಿಸ್ಕ್ ಎಂದು ಹೇಳಲಾಗಿದೆ. ಬೆನ್ನುನೋವು ಮರ್ಯಾದಸ್ಥರ ಕಾಯಿಲೆ.

ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ. ವಾರಕ್ಕೊಮ್ಮೆಯಾದರೂ ಜನರ ನಡುವೆ ಹೋಗಿ ಎಂದಿದ್ದಾರೆ. ದೆಹಲಿಯಲ್ಲಿ ಜನರ ನಡುವೆ ಇಲ್ಲದಿರುವುದು ಹೇಗೆ ಎಂದು ಕೇಳಿದೆ. ನಗಲಿಲ್ಲ. ಹಾಸ್ಯಪ್ರಜ್ಞೆ ಕಡಿಮೆ.

ಆಗಸ್ಟ್ 20, ಗುರುವಾರ

ಎದ್ದೆ. ಕೂತೆ. ಮಲಗಿದೆ.

ಆಗಸ್ಟ್ 26, ಬುಧವಾರ

ನಮ್ಮ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವ ಬಸವಲಿಂಗಪ್ಪ ನೋಡಲು ಬಂದಿದ್ದ. ದಾವಣಗೆರೆಯವನು, ಹಳೆಯ ಸ್ನೇಹಿತ. ಕೈಯಲ್ಲಿ ಎಣ್ಣೆಯ ಬಾಟಲಿ.

"ನೋಡಪ್ಪಾ ಗುರು, ಊರಿಂದ ತರಿಸಿದ್ದು. ನನ್ನ ಹೆಂಡತಿಗೆ ಅಂತ ಇಟ್ಟಿದ್ದೆ, ನಿನಗೇ ತಂದೆ. ಎರಡು ಹೊತ್ತು ತಿಕ್ಕಿಸ್ಕೋ, ಕುದುರೆ ಹಾಗೆ ಓಡ್ತೀಯ."

ನಾನು ಸೋಫಾದ ಮೇಲೆ ಒಂದು ಬದಿಗೆ ವಾಲಿ ಕೂತು, ಆಗಾಗ "ಅಬ್ಬಾ" ಎಂದೆ. ಅವನು ಮುಂದಿನ ಟೈಮ್‌ಟೇಬಲ್ ಬಗ್ಗೆ ಮಾತು ತೆಗೆದಾಗ "ಅಬ್ಬಾ" ತಾನಾಗಿಯೇ ಬಂತು. ಸ್ವಯಂ ನಿವೃತ್ತಿ ತೆಗೆದುಕೊಳ್ಳುವ ಯೋಚನೆ ಇದೆ ಎಂದು ಅವನಿಗೆ ಹೇಳಲಿಲ್ಲ. ಹೊರಡುವಾಗ ಅವನ ಛತ್ರಿ ಕೆಳಗೆ ಬಿತ್ತು. ಮರ್ಯಾದೆಗೆ ಬಗ್ಗಿ ಎತ್ತಿಕೊಟ್ಟೆ. ಒಳಗಿನಿಂದ ಮಗಳು ಸಿಂಚನಾ ಜೋರಾಗಿ ಕೆಮ್ಮಿದಳು.

ಹೆಂಡತಿ ಶ್ರೀವಿದ್ಯಾ ಈಗ ನನ್ನೊಡನೆ ನರ್ಸಿನಂತೆ ಮಾತನಾಡುತ್ತಾಳೆ. "ಕಾಫಿ ಕುಡೀತೀರಾ? ಬೇಡ್ವಾ? ಸರಿ, ಆಮೇಲೆ ಕುಡೀರಿ." ಮೊದಲಾದರೆ "ಕಾಫಿ ಆರ್ತಾ ಇದೆ, ಅದಕ್ಕೇನು ಮಂಗಳಾರತಿ ಮಾಡ್ಲಾ?" ಎನ್ನುತ್ತಿದ್ದಳು. ಆಫೀಸಿನಲ್ಲಿ ಕೆಲಸ ಹೆಚ್ಚಿರಬೇಕು, ಚಾರ್ಟರ್ಡ್ ಬಸ್ಸೂ ತಡ. ದಿನವೂ ಕತ್ತಲಾದ ಮೇಲೆಯೇ ಬರುತ್ತಾಳೆ.

ಸೆಪ್ಟೆಂಬರ್ 5, ಶನಿವಾರ

ಶಿಕ್ಷಕರ ದಿನ. ಫೋನು ನಾಲ್ಕಾರು ಸಲ ಬಡಿದುಕೊಂಡಿತು. ತೆಗೆಯಲಿಲ್ಲ.

ಸಂಜೆ ಎರಡನೇ ಮಹಡಿಯ ಇಂದಿರಮ್ಮ ಬಾಗಿಲು ತಟ್ಟಿದರು. ಅರವತ್ತೆಂಟು ವರ್ಷ, ಮೈಸೂರಿನಲ್ಲಿ ಹೈಸ್ಕೂಲ್ ಟೀಚರಾಗಿದ್ದವರು, ಈಗ ಮಗನ ಮನೆಯಲ್ಲಿದ್ದಾರೆ. ರೇಷ್ಮೆ ಸೀರೆ ಉಟ್ಟು, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿದ್ದರು.

"ಗುರುರಾಜ, ಸ್ವಲ್ಪ ರಸ್ತೆ ದಾಟಿಸಪ್ಪ. ಮೆಟ್ರೋದವರು ಅಗೆದು ಹಾಕಿದ್ದಾರೆ, ಒಬ್ಬಳಿಗೇ ಭಯ."

"ದೇವಸ್ಥಾನಕ್ಕಾ?"

"ಡ್ಯಾನ್ಸಿಗೆ."

ಭಜನೆ ಎಂದರೆಂದು ತಿಳಿದು ದಾಟಿಸಿದೆ. ಎದುರಿನ ಹೌಸಿಂಗ್ ಸೊಸೈಟಿಯ ಹಾಲಿನಲ್ಲಿ ನಿಜಕ್ಕೂ ಡ್ಯಾನ್ಸ್ ನಡೆಯುತ್ತಿತ್ತು! ಹೆಸರು ಸಾಲ್ಸಾ. ಕಲಿಸುವವನು ಸಾತ್ವಿಕ್ ಎಂಬ ಚಿತ್ರದುರ್ಗದ ಹುಡುಗ. ವಾರವಿಡೀ ನೋಯ್ಡಾದಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾನೆ, ಶನಿವಾರ ಇದು. ಕನ್ನಡ ಕೇಳಿದ್ದೇ ಓಡಿಬಂದ.

"ಬನ್ನಿ ಸಾರ್. ಇದು ಸ್ಟೇಜ್ ಡ್ಯಾನ್ಸ್ ಅಲ್ಲ. ನೋಡೋಕೆ ಯಾರೂ ಇರಲ್ಲ, ಎಲ್ಲರೂ ಕುಣಿಯೋರೇ. ಹಾಡಿಗೊಂದು ಜೋಡಿ, ಹಾಡು ಮುಗಿದ್ರೆ ಜೋಡಿ ಬದಲು."

"ನಾನು ಬಂದಿರುವುದು ರಸ್ತೆ ದಾಟಿಸಲು" ಎಂದು ಸ್ಪಷ್ಟಪಡಿಸಿ, ಗೋಡೆಯ ಪಕ್ಕದ ಕುರ್ಚಿಯಲ್ಲಿ ಪೇಪರ್ ಬಿಡಿಸಿ ಕೂತೆ. ಸಂಪಾದಕೀಯವನ್ನು ಪೂರ್ತಿ ಓದಿದೆ. ಏನಿತ್ತೋ ನೆನಪಿಲ್ಲ. ಇಂದಿರಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಬುಗುರಿಯಂತೆ ತಿರುಗುತ್ತಿದ್ದರು.

ಸೆಪ್ಟೆಂಬರ್ 12, ಶನಿವಾರ

ಡ್ಯಾನ್ಸ್ ಹಾಲಿನಲ್ಲಿ ಹೆಂಗಸರು ಬಹಳ, ಗಂಡಸರು ಬೆರಳೆಣಿಕೆಯಷ್ಟು. ಪೂರೈಕೆ ಕುಸಿದಾಗ ಎಂಥ ಹಳಸಲು ಸರಕಿಗೂ ಗಿರಾಕಿ ಬರುತ್ತದೆ. ನನ್ನ ವಿಷಯದಲ್ಲಿ ಆದದ್ದೂ ಅದೇ. "ಸಾರ್, ಒಂದೇ ಹಾಡು, ಲೆಕ್ಕ ಸರಿಮಾಡೋಕೆ" ಎಂದು ಸಾತ್ವಿಕ್ ಪೇಪರ್ ಕಿತ್ತುಕೊಂಡ. ಊರೆಲ್ಲ ಹಂದಿಜ್ವರ ಹಬ್ಬಿರುವಾಗ ಕಂಡವರ ಕೈ ಹಿಡಿಯುವುದು ವೈಜ್ಞಾನಿಕವಲ್ಲ ಎಂದೆ. ಇಂದಿರಮ್ಮ ಸೆರಗಿನ ಗಂಟಿನಿಂದ ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್ ಬಾಟಲಿ ತೆಗೆದರು. ವಾದ ಮುಗಿಯಿತು.

ಮೊದಲು ಸಿಕ್ಕವರು ಯಾವುದೋ ಬ್ಯಾಂಕಿನ ಮ್ಯಾನೇಜರಮ್ಮ, ದಪ್ಪನೆಯ ಪಂಜಾಬಿ ಹೆಂಗಸು. ನನ್ನ ಕೈ ಹಿಡಿದು ನೋಡಿ, "ಭಾಯಿಸಾಬ್, ಯೇ ಹಾಥ್ ಹೈ ಯಾ ಬೇಲನ್?" ಎಂದರು. ನನ್ನ ಕೈಯನ್ನು ಲಟ್ಟಣಿಗೆಗೆ ಹೋಲಿಸಿದವರು ಇವರೇ ಮೊದಲು. ಅವರ ಕಾಲು ತುಳಿದೆ. ಸೇಡಿಗೆ ಅಲ್ಲ.

"ಅಷ್ಟು ಹೊತ್ತು ಎಲ್ಲಿದ್ರಿ?" ಎಂದು ಶ್ರೀವಿದ್ಯಾ ಕೇಳಿದಳು. "ಇಂದಿರಮ್ಮನವರನ್ನ ರಸ್ತೆ ದಾಟಿಸ್ತಿದ್ದೆ" ಎಂದೆ. "ಅಷ್ಟು ದೊಡ್ಡ ರಸ್ತೆನಾ?" "ಅಗೆದಿದ್ದಾರೆ."

ಚಪಾತಿ ಕೇಳಿ ಹಾಕಿಸಿಕೊಂಡೆ. ಪಲ್ಯ ಚೆನ್ನಾಗಿತ್ತು.

ಸೆಪ್ಟೆಂಬರ್ 27, ಭಾನುವಾರ

ಈ ನೃತ್ಯದ ಬಗ್ಗೆ ಕೆಲವು ಶಾಸ್ತ್ರೀಯ ಟಿಪ್ಪಣಿಗಳು. ಗಂಡಸು ಮುನ್ನಡೆಸಬೇಕು, ಆದರೆ ಎಳೆಯಬಾರದು. ಹೆಂಗಸು ಹಿಂಬಾಲಿಸಬೇಕು, ಆದರೆ ಕಾಯಬಾರದು. ಇದು ಹೇಗೆ ಸಾಧ್ಯ ಎಂದು ಸಾತ್ವಿಕ್‌ನನ್ನು ಕೇಳಿದರೆ "ಯೋಚಿಸ್ಬೇಡಿ ಸಾರ್" ಎನ್ನುತ್ತಾನೆ. ಮೇಷ್ಟ್ರಿಗೆ ಹೇಳುವ ಮಾತೇ ಇದು?

ತಾತ್ವಿಕ ಸಂದೇಹ ಪರಿಹಾರಕ್ಕಾಗಿ ಅಡುಗೆಮನೆಯಲ್ಲಿ ಫ್ರಿಜ್ ಬಾಗಿಲಿನ ಹಿಡಿಕೆ ಹಿಡಿದು ಒಂದೆರಡು ಹೆಜ್ಜೆ ಹಾಕಿ ನೋಡುತ್ತಿದ್ದೆ. ಸಿಂಚನಾ ಬಂದು ನಿಂತದ್ದು ತಿಳಿಯಲಿಲ್ಲ.

"ಪಪ್ಪಾ! ಯೇ ಕ್ಯಾ ಹೋ ರಹಾ ಹೈ?"

"ಫ್ರಿಜ್ ಸರಿಯಾಗಿ ಮುಚ್ಚುತ್ತಾ ನೋಡ್ತಿದ್ದೆ."

"ಮ್ಯೂಸಿಕ್ ಇಲ್ದೆನೇ?" ಹತ್ತನೇ ಕ್ಲಾಸಿನ ಹುಡುಗಿ, ಎಲ್ಲ ತಿಳಿಯುತ್ತದೆ. ಪೂರ್ತಿ ಹೇಳಬೇಕಾಯಿತು. ಅಮ್ಮನಿಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟು, "ಶೋಲ್ಡರ್ ಡೌನ್ ಪಪ್ಪಾ. ಅಷ್ಟು ಸ್ಟಿಫ್ ಆಗಿ ನಿಂತ್ರೆ ಫ್ರಿಜ್ ಯಾರು, ನೀವು ಯಾರು, ಪತಾ ನಹೀ ಚಲ್ತಾ" ಎಂದಳು.

ಶ್ರೀವಿದ್ಯಾಳಿಗೆ ಏಕೆ ಹೇಳಿಲ್ಲ? ಹೇಳುವಂಥದ್ದೇನಿಲ್ಲ. ರಸ್ತೆ ದಾಟಿಸುತ್ತೇನೆ, ಲೆಕ್ಕ ಸರಿಮಾಡುತ್ತೇನೆ, ಅಷ್ಟೆ.

ಅಕ್ಟೋಬರ್ 10, ಶನಿವಾರ

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಹೊತ್ತು ಕೂತಿದ್ದೆ.

ಇವತ್ತು ಇಂದಿರಮ್ಮನವರೊಡನೆ ಕುಣಿಯುತ್ತಿದ್ದೆ. ಚೆನ್ನಾಗಿಯೇ ನಡೆದಿತ್ತು. ಅವರನ್ನು ಒಂದು ಸುತ್ತು ತಿರುಗಿಸಿ ಹಿಂದಕ್ಕೆ ಬರಬೇಕು, ಎಷ್ಟೋ ಸಲ ಮಾಡಿದ್ದೇ. ಕೈ ಎತ್ತಿದೆ. ಮುಂದಿನದು ಇಲ್ಲ. ಕ್ಲಾಸಿನಲ್ಲಿ ಆದಂತೆಯೇ ಆ ಜಾಗ ಖಾಲಿ. ಎದೆ ಬಾಯಿಗೆ ಬಂತು, ಕಿವಿಯಲ್ಲಿ ಗುಂಯ್‌ಗುಡುವ ಸದ್ದು. ಬಾಗಿಲು ಎಲ್ಲಿದೆ ಎಂದು ನೋಡಿದೆ.

ಕೈ ಬಿಡಿಸಿಕೊಳ್ಳಲು ಹೋದೆ. ಅವರು ಬಿಡಲಿಲ್ಲ. ಗಟ್ಟಿಯಾಗಿಯೂ ಹಿಡಿಯಲಿಲ್ಲ. ನಿಂತಲ್ಲೇ ಆ ಕಾಲಿನಿಂದ ಈ ಕಾಲಿಗೆ, ಮಗು ಎತ್ತಿಕೊಂಡವರ ಹಾಗೆ ತೂಗತೊಡಗಿದರು.

"ಹೋಗ್ಬೇಕು" ಎಂದೆ.

"ಹೋಗೋಣ. ಹಾಡು ಮುಗೀಲಿ."

"ಎಲ್ಲಾ ಮರೆತುಹೋಯ್ತು."

"ಹೋಗ್ಲಿ ಬಿಡು, ಪರೀಕ್ಷೆ ಏನಲ್ಲವಲ್ಲ. ನನಗೆ ಯಜಮಾನ್ರು ತೀರಿಹೋದ ವರ್ಷ ಅನ್ನಕ್ಕೆ ನೀರೆಷ್ಟು ಇಡ್ಬೇಕು ಅನ್ನೋದೇ ಮರೆತುಹೋಗಿತ್ತು. ಸೊಸೆ ಎದುರು ಪಾತ್ರೆ ಹಿಡ್ಕೊಂಡು ನಿಂತೇಬಿಟ್ಟಿದ್ದೆ." ಹೀಗೆ ಹೇಳುತ್ತಲೇ ತೂಗುತ್ತಿದ್ದರು. "ಅತ್ತ ನೋಡು, ಆ ಬ್ಯಾಂಕಿನಾಕೆ ಸಾತ್ವಿಕ್‌ನ ಹೇಗೆ ಎಳೀತಿದ್ದಾಳೆ, ಹಸು ಕಟ್ಟೋ ಹಾಗೆ."

ನೋಡಿದೆ. ಹೌದು, ಹಗ್ಗವೊಂದಿಲ್ಲ. ಎಲ್ಲಿಂದಲೋ ನಗು ಬಂತು, ನಿಲ್ಲಿಸಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನೀರಿಗೆ ಅದೊಂದೇ ಕಾರಣವಿರಲಿಕ್ಕಿಲ್ಲ. ಹಾಡು ಮುಗಿಯುವ ಹೊತ್ತಿಗೆ ಉಸಿರು ಹದಕ್ಕೆ ಬಂದಿತ್ತು. ಸುತ್ತು ತಿರುಗಿಸಲು ನೆನಪಾಗಲಿಲ್ಲ. ಯಾರೂ ಕೇಳಲೂ ಇಲ್ಲ.

ನಾನು ಓಡಿಹೋಗಲಿಲ್ಲ. ಇದನ್ನು ಡಾಕ್ಟರಿಗೆ ಹೇಳಬೇಕು.

ಅಕ್ಟೋಬರ್ 24, ಶನಿವಾರ

ಸಿಕ್ಕಿಬಿದ್ದೆ.

ಇಂದಿರಮ್ಮ ದೀಪಾವಳಿಯ ಚಕ್ಕುಲಿ ಕೊಡಲು ಬಂದವರು ಬಾಗಿಲಲ್ಲೇ ಹೇಳಿಬಿಟ್ಟರು: "ಶ್ರೀವಿದ್ಯಾ, ನಿನ್ನ ಗಂಡ ಈಗ ಎಷ್ಟು ಚೆನ್ನಾಗಿ ಡ್ಯಾನ್ಸ್ ಮಾಡ್ತಾನೆ ಗೊತ್ತಾ? ಮೊನ್ನೆ ನಕ್ಕೂ ನಕ್ಕೂ ಇಬ್ಬರಿಗೂ ಹೊಟ್ಟೆನೋವು."

ಶ್ರೀವಿದ್ಯಾ ನಗುತ್ತಲೇ ಚಕ್ಕುಲಿ ಇಸಿದುಕೊಂಡಳು, ಅವರನ್ನು ಬೀಳ್ಕೊಟ್ಟಳು, ಬಾಗಿಲು ಹಾಕಿದಳು. ನಾನು ಸಮರ್ಥನೆ ಸಿದ್ಧಪಡಿಸಿದ್ದೆ.

"ನೋಡು, ಕೈ ಹಿಡಿಯೋದು ಅಂದ್ರೆ ಅದರಲ್ಲಿ ಬೇರೆ ಅರ್ಥ..."

"ಥೂ, ಅದಲ್ಲ." ಚಕ್ಕುಲಿ ಡಬ್ಬಿ ಮೇಜಿನ ಮೇಲೆ ಕುಕ್ಕಿದಳು. "ನೀವು ನಕ್ಕಿರಂತೆ."

ನಾನು ಡಬ್ಬಿಯ ಮುಚ್ಚಳ ಸರಿಮಾಡಿದೆ.

"ಮೂರು ತಿಂಗಳಿಂದ ಈ ಮನೇಲಿ ತುದಿಗಾಲಲ್ಲಿ ಓಡಾಡ್ತಿದೀನಿ. ಕುಕ್ಕರ್ ಜೋರಾಗಿ ಕೂಗಿದ್ರೆ ನಿಮಗೇನಾಗುತ್ತೋ, ಟಿವಿ ಹಾಕಿದ್ರೆ ಏನಾಗುತ್ತೋ ಅಂತ. ಒಂದು ಸಲ ನಕ್ಕಿದ್ರೆ ಸಾಕಾಗಿತ್ತು ನನಗೆ. ಮಯೂರ್ ವಿಹಾರಿಗೆಲ್ಲ ಹಂಚಿ ಬಂದ್ರಿ, ಮನೆಗೆ ಮಾತ್ರ ಈ ಮುಖ ತಂದ್ರಿ."

"ನಿನಗೆ ಹೇಳೋಣ ಅಂತಾನೇ..."

"ರಸ್ತೆ ದಾಟಿಸ್ತಿದ್ರಿ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಇವತ್ತು ಕ್ಲಾಸಿಗೆ ಹೋಗಲಿಲ್ಲ. ಇಂದಿರಮ್ಮನವರನ್ನು ಸಿಂಚನಾ ದಾಟಿಸಿದಳು.

ಅಕ್ಟೋಬರ್ 27, ಮಂಗಳವಾರ

ಮಾತಿಲ್ಲ. ಉಪ್ಪಿಟ್ಟು.

ನವೆಂಬರ್ 1, ಭಾನುವಾರ

ಬೆಳಿಗ್ಗೆ ಶ್ರೀವಿದ್ಯಾ ಅಡುಗೆಮನೆಯ ನೆಲದ ಮೇಲೆ ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು. ಕರೆಯದಿದ್ದರೂ ಹೋಗಿ ಎದುರು ಕೂತು ಒಂದು ಕಟ್ಟು ತೆಗೆದುಕೊಂಡೆ. ಕಡ್ಡಿ ಎಲ್ಲ ಎಲೆಯ ಕಡೆ ಹಾಕುತ್ತಿದ್ದೇನೆ ಎಂದು ಬೈಯುತ್ತಾಳೆ ಎಂದುಕೊಂಡೆ. ಸುಮ್ಮನೆ ಆರಿಸಿ ಬೇರೆ ಇಟ್ಟಳು. ಅದು ಬೈಗುಳಕ್ಕಿಂತ ಕಷ್ಟವಾಯಿತು.

"ನಿನಗೂ ಆಫೀಸಲ್ಲಿ ಕೆಲಸ ಜಾಸ್ತಿ. ದಿನಾ ಬರೋದೇ ತಡ" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

ತಲೆಯೆತ್ತಲಿಲ್ಲ. "ಬಸ್ಸು ತಡ ಆಗಲ್ಲ. ನಾನೇ ಒಂದು ಸ್ಟಾಪ್ ಮುಂಚೆ ಇಳೀತೀನಿ. ಅಲ್ಲೊಂದು ಪಾರ್ಕಿದೆ. ಸ್ವಲ್ಪ ಹೊತ್ತು ಕೂತು ಅತ್ತು, ಮುಖ ತೊಳ್ಕೊಂಡು ಬರ್ತೀನಿ. ಮನೇಲಿ ಒಬ್ಬರು ಅಳೋ ಹಾಗೆ ಇದ್ರೆ ಸಾಕಲ್ವಾ?"

ಜುಲೈಯಿಂದ ಈಚೆಗೆ ನಾನು ನನ್ನ ಎದೆಬಡಿತ, ನನ್ನ ನಿದ್ದೆ, ನನ್ನ ಮಾತ್ರೆಗಳ ಲೆಕ್ಕವನ್ನು ಎಷ್ಟು ಶ್ರದ್ಧೆಯಿಂದ ಇಟ್ಟಿದ್ದೇನೆ! ಈಗ ಬರೆಯುವ ಮೊದಲು ಈ ದಿನಚರಿಯನ್ನೇ ತಿರುವಿ ನೋಡಿದೆ. ಅವಳು ಹೇಗಿದ್ದಾಳೆ ಎಂದು ಒಂದು ಕಡೆಯೂ ಇಲ್ಲ. ಕಾಫಿ ತಂದಳು, ತಡವಾಗಿ ಬಂದಳು, ಅಷ್ಟೆ.

"ಶನಿವಾರ ಡ್ಯಾನ್ಸಿಗೆ ನೀನೂ ಬಾ" ಎಂದೆ, ಸೊಪ್ಪು ಕೆಳಗಿಟ್ಟು.

"ನಿಮ್ಮ ಜೊತೆ ಬರಲ್ಲ."

"ಮತ್ತೆ?"

"ನಾನೊಬ್ಬಳೇ ಹೋಗ್ತೀನಿ. ನೀವು ಮನೇಲಿರಿ. ಅಲ್ಲೂ ನಿಮ್ಮ ಮುಖ ನೋಡ್ಕೊಂಡು, ಇವರಿಗೆ ಸುಸ್ತಾಯ್ತಾ, ಬೇಜಾರಾಯ್ತಾ ಅಂತ ಕಾಯೋದಾದ್ರೆ ನಾನ್ಯಾಕೆ ಹೋಗ್ಬೇಕು?"

ನ್ಯಾಯವಾದ ಮಾತು. ಆದರೆ ಗಂಡಸರ ಕೊರತೆ ಇನ್ನಷ್ಟು ಹೆಚ್ಚುತ್ತದಲ್ಲ ಎಂದೆ. ಅವಳ ತುಟಿ ಅಲ್ಲಾಡಿದಂತೆ ಕಂಡಿತು. ಖಾತ್ರಿಯಿಲ್ಲ.

ನವೆಂಬರ್ 7, ಶನಿವಾರ

ಹೋದಳು. ನೀಲಿ ಕಾಟನ್ ಚೂಡಿದಾರ ಹಾಕಿಕೊಂಡು, ಇಂದಿರಮ್ಮನವರ ತೋಳು ಹಿಡಿದು. ಯಾರು ಯಾರನ್ನು ದಾಟಿಸುತ್ತಿದ್ದರೋ ಬಾಲ್ಕನಿಯಿಂದ ತಿಳಿಯಲಿಲ್ಲ.

ನಾನು ಬಿಸಿಬೇಳೆಬಾತ್ ಮಾಡಲು ನಿಂತೆ. ಸಿಂಚನಾ ತರಕಾರಿ ಹೆಚ್ಚಿದಳು. ನಾನು ಪದೇ ಪದೇ ಬಾಲ್ಕನಿಗೆ ಹೋಗಿ ಬರುವುದನ್ನು ನೋಡಿ, "ಪಪ್ಪಾ, ಚಿಲ್. ಅಮ್ಮ ಬಾರ್ಡರ್‌ಗೆ ಹೋಗಿಲ್ಲ" ಎಂದಳು. ಈ ಹುಡುಗಿಗೆ ಈ ಬಾಯಿ ಎಲ್ಲಿಂದ ಬಂತೋ.

ಶ್ರೀವಿದ್ಯಾ ಬಂದಾಗ ಕೆನ್ನೆ ಕೆಂಪಾಗಿತ್ತು, ಕೂದಲು ಬಿಚ್ಚಿಕೊಂಡಿತ್ತು. ಹೇಗಿತ್ತು ಎಂದು ಕೇಳಬಾರದು ಎಂದು ನಿರ್ಧರಿಸಿದ್ದೆ, ಕೇಳಲಿಲ್ಲ. ತಟ್ಟೆ ಮುಂದೆ ಕೂತು ಒಂದು ತುತ್ತು ಬಾಯಿಗಿಟ್ಟು, ನನ್ನನ್ನು ನೋಡಿದಳು.

"ಇದೇನ್ರೀ, ಬಿಸಿಬೇಳೆನೋ ಕಾಂಕ್ರೀಟೋ? ಮೆಟ್ರೋದವರಿಗೆ ಕೊಟ್ಟು ಬನ್ನಿ, ಕಂಬ ಕಟ್ಕೋತಾರೆ."

ಅಡುಗೆ ಮಾಡಿದವನಿಗೆ ಅವಮಾನವಾಗಬೇಕಿತ್ತು. ಇನ್ನಷ್ಟು ತುಪ್ಪ ತಂದು ಹಾಕಿದೆ. ಎರಡನೇ ಸಲ ಬಡಿಸಿಕೊಂಡಳು. ರಾತ್ರಿ ಚೆನ್ನಾಗಿ ನಿದ್ದೆ ಬರುವ ಹಾಗಿದೆ, ಅದಕ್ಕೇ ಇಲ್ಲಿಗೆ ನಿಲ್ಲಿಸುತ್ತೇನೆ.

ನವೆಂಬರ್ 13, ಶುಕ್ರವಾರ

ಬಸವಲಿಂಗಪ್ಪನಿಗೆ ಫೋನ್ ಮಾಡಿದೆ. ಸೋಮವಾರ ಬರುತ್ತೇನೆ ಎಂದೆ. ಸ್ವಲ್ಪ ತಡೆದು, "ಬೆನ್ನಲ್ಲ ಕಣೋ, ತಲೆ ಕೆಟ್ಟಿತ್ತು. ಡಾಕ್ಟರ್ ಹತ್ರ ಹೋಗ್ತಿದ್ದೆ, ಈಗಲೂ ಹೋಗ್ತಿದೀನಿ" ಎಂದೆ.

ಅವನು ಬೈಯುತ್ತಾನೆ ಎಂದುಕೊಂಡೆ.

"ಛತ್ರಿ ಎತ್ತಿಕೊಟ್ಟಾಗ್ಲೇ ಗೊತ್ತಾಯ್ತು ಬಿಡು. ಸ್ಲಿಪ್ ಡಿಸ್ಕ್‌ನೋರು ಹಂಗೆ ಬಗ್ಗಲ್ಲ. ನೀನೇ ಹೇಳ್ಲಿ ಅಂತ ಸುಮ್ನಿದ್ದೆ." ಆಮೇಲೆ ಗಂಟಲು ಸರಿಪಡಿಸಿಕೊಂಡು, "ಆ ಎಣ್ಣೆ ಹಚ್ಚಿಲ್ಲ ತಾನೆ? ವಾಪಸ್ ತಗೊಂಡ್ ಬಾ. ನನ್ನ ಹೆಂಡತಿಗೆ ನಿಜವಾಗ್ಲೂ ಬೆನ್ನುನೋವು" ಎಂದ.

ನವೆಂಬರ್ 16, ಸೋಮವಾರ

ನಮ್ಮ ಕಡೆಗೂ ಮೆಟ್ರೋ ಬಂದಿದೆ. ಅದರಲ್ಲೇ ಹೋದೆ. ಹೊಸ ಬಣ್ಣದ ವಾಸನೆ. ಜನ ಮದುವೆಗೆ ಹೊರಟವರಂತೆ ಫೋಟೊ ತೆಗೆದುಕೊಳ್ಳುತ್ತಿದ್ದರು. ಕಾಲೇಜಿನ ಗೇಟಿನ ಹತ್ತಿರ ಕಾಲು ಭಾರವಾಯಿತು. ಚಹಾದ ಭಯ್ಯಾ "ಸರ್‌ಜೀ, ಕಮರ್ ಠೀಕ್?" ಎಂದ. ಸೊಂಟ ಸರಿಯಾಗಿದೆ ಎಂದೆ, ಅದಂತೂ ನಿಜ.

ನಾನಿಲ್ಲದಾಗ ನನ್ನ ತರಗತಿಗೆ ಬಿಳಿ ಬೋರ್ಡ್ ಹಾಕಿದ್ದಾರೆ. ಸ್ಕೆಚ್ ಪೆನ್ನಿನಲ್ಲಿ ಬರೆಯಬೇಕಂತೆ! ವಿಶ್ವವಿದ್ಯಾಲಯದ ಅವನತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಪ್ರಿನ್ಸಿಪಾಲರ ಕೋಣೆಗೇ ಹೋಗಿ ಜಗಳವಾಡಿದೆ. ನನ್ನ ಜಾಗದಲ್ಲಿ ಪಾಠ ಮಾಡಿದವರು ಪೂರೈಕೆಯ ರೇಖೆಯನ್ನು ಎಷ್ಟು ಅಧ್ವಾನವಾಗಿ ಹೇಳಿದ್ದಾರೆಂದರೆ ಮತ್ತೆ ಮೊದಲಿಂದ ಹೇಳಬೇಕು. ನಾಳೆಯಿಂದ ಹೆಚ್ಚುವರಿ ಕ್ಲಾಸ್ ಇಟ್ಟಿದ್ದೇನೆ.

ನಡುವೆ ಒಂದು ಸಲ ಮಾತು ನಿಂತಿತು. ನಿಂತೆ. ಬಂತು.

ಡಿಸೆಂಬರ್ 19, ಶನಿವಾರ

ಬಹಳ ದಿನ ಬರೆಯಲಾಗಲಿಲ್ಲ, ಪುರಸೊತ್ತಿಲ್ಲ.

ಇವತ್ತು ಸಾತ್ವಿಕ್ ವರ್ಷಾಂತ್ಯದ ಕೂಟ ಇಟ್ಟಿದ್ದ. ಪಾಠವಿಲ್ಲ, ಬರೀ ಹಾಡು, ಸಮೋಸ, ಚಹಾ. ಹೊರಗೆ ಮಂಜು, ಒಳಗೆ ಸ್ವೆಟರ್ ಕಳಚಿ ಎಸೆಯುವಷ್ಟು ಸೆಕೆ. "ಇವತ್ತು ಬರಬಹುದು ನೀವು" ಎಂದು ಶ್ರೀವಿದ್ಯಾ ಅಪ್ಪಣೆ ಕೊಟ್ಟಿದ್ದಳು. ಹಾಲಿಗೆ ಕಾಲಿಟ್ಟಾಗ ಎಲ್ಲರೂ ಅವಳನ್ನು ಹೆಸರು ಹಿಡಿದು ಕರೆದರು. ಆರು ವಾರದಲ್ಲಿ ನಾನು ಅಲ್ಲಿ 'ಶ್ರೀವಿದ್ಯಾಜೀಯವರ ಹಸ್ಬೆಂಡ್' ಆಗಿಬಿಟ್ಟಿದ್ದೆ.

ಹಾಡು ಶುರುವಾಯಿತು. ಪದ್ಧತಿಯ ಪ್ರಕಾರ ಅವಳ ಎದುರು ನಿಂತು ಕೈ ಚಾಚಿದೆ.

"ಒಂದು ಹಾಡಿಗೆ ಕುಣಿಯೋಣ್ವಾ?"

"ಇದು ಆಗಲ್ಲ, ಅಲ್ಲಿರೋ ಸರ್ದಾರ್‌ಜೀಗೆ ಮಾತು ಕೊಟ್ಟಿದೀನಿ" ಎಂದು ಕೈಚೀಲವನ್ನೂ ಶಾಲನ್ನೂ ನನ್ನ ಚಾಚಿದ ಕೈಗೆ ನೇತುಹಾಕಿ ಹೋದಳು.

ಮುಂದಿನದಕ್ಕೆ ಕಾದೆ. ಅದು ಸಾತ್ವಿಕ್‌ಗಂತೆ. ಬ್ಯಾಂಕಿನ ಮ್ಯಾನೇಜರಮ್ಮ "ಭಾಯಿಸಾಬ್, ಚಲೋ" ಎಂದು ಕರೆದರು. ನನ್ನ ಕೈ ಖಾಲಿಯಿಲ್ಲ ಎಂದು ಚೀಲ ತೋರಿಸಿದೆ. ಗೋಡೆಗೆ ಒರಗಿ ನಿಂತು ಅವಳನ್ನೇ ನೋಡಿದೆ. ಹೆಜ್ಜೆ ತಪ್ಪಿತು, ನಾಲಿಗೆ ಕಚ್ಚಿಕೊಂಡಳು, ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಹುಡುಗ ಏನೋ ಹೇಳಿದ, ಅವನ ಭುಜಕ್ಕೆ ಒಂದು ಏಟು ಕೊಟ್ಟಳು. ಮದುವೆಯಾಗಿ ಇಷ್ಟು ವರ್ಷವಾದರೂ ಶ್ರೀವಿದ್ಯಾ ನಗುವುದನ್ನು ಇಷ್ಟು ದೂರದಿಂದ, ಇಷ್ಟು ಹೊತ್ತು, ಪೂರ್ತಿಯಾಗಿ ನಾನು ನೋಡಿರಲಿಲ್ಲ. ಎದೆ ಜೋರಾಗಿಯೇ ಬಡಿದುಕೊಳ್ಳುತ್ತಿತ್ತು. ಅದನ್ನು ಡಾಕ್ಟರಿಗೆ ಹೇಳುವ ಅಗತ್ಯವಿಲ್ಲ.

ಹಾಡು ಮುಗಿಯಿತು. ಹಾಲಿನ ಆ ತುದಿಯಿಂದ, ಹಣೆಯ ಬೆವರನ್ನು ದುಪಟ್ಟಾದಿಂದ ಒರೆಸಿಕೊಳ್ಳುತ್ತ, ಕರೆದವರಿಗೆಲ್ಲ ತಲೆಯಾಡಿಸಿ ಬೇಡವೆನ್ನುತ್ತ ಬಂದಳು. ನನ್ನ ಕೈಯಿಂದ ಚೀಲ ತೆಗೆದು ಕುರ್ಚಿಯ ಮೇಲಿಟ್ಟಳು. ಶಾಲು ಮಡಿಸಿ ಅದರ ಮೇಲಿಟ್ಟಳು.

"ಬನ್ನಿ" ಎಂದಳು. "ನನ್ನ ಕಾಲು ತುಳಿದ್ರೆ ನೋಡಿ ಮತ್ತೆ."

ತುಳಿದೆ. ಬೈದಳು. ಹಾಡು ಮುಗಿದಾಗ ಪದ್ಧತಿಯ ಪ್ರಕಾರ ಜೋಡಿ ಬದಲಾಗಬೇಕಿತ್ತು. ಸಾತ್ವಿಕ್ ನಮ್ಮ ಕಡೆ ಬಂದವನು, ಅದೇನು ಕಂಡನೋ, ಇಂದಿರಮ್ಮನವರ ಕಡೆ ತಿರುಗಿಬಿಟ್ಟ.